ಒತ್ತದೇ ಉಳಿದ ಹಸಿರು ಗುಂಡಿ

ನನ್ನ ತಂಗಿಯ ಧ್ವನಿ ಹೋದದ್ದು ಸೊಲ್ಲಾಪುರದ ಆಸ್ಪತ್ರೆಯಲ್ಲಿ. ಗಂಟಲಿನ ಗಡ್ಡೆ ನರಕ್ಕೆ ಅಂಟಿಕೊಂಡಿದೆ, ತೆಗೆದ ಮೇಲೆ ಮಾತು ಮೊದಲಿನಂತೆ ಇರುತ್ತದೆಂದು ನಂಬಬೇಡಿ ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಜೀವ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ನಾವು ಆ ಮಾತನ್ನು ಮರೆತುಬಿಟ್ಟಿದ್ದೆವು. ಹುಮನಾಬಾದಿನ ಅವಳ ಮನೆಗೆ ನಾನು ಹೋದ ದಿನ ಅವಳು ಅಡುಗೆಕಟ್ಟೆಯ ಮೇಲೆ ಚಮಚದಿಂದ ಟಕಟಕ ಬಡಿದು ನನ್ನನ್ನು ಕರೆದಳು. ಹತ್ತಿರ ಹೋಗಿ ಬಾಯಿಯ ಬಳಿ ಕಿವಿ ಇಟ್ಟರೆ, ಒಣಗಿದ ಜೋಳದ ಕಣಕಿ ಸರಿದಂತೆ ಒಂದು ಸಪ್ಪಳ.

"ಅಕ್ಕ, ಚಾಕ್ಕ ಸಕ್ರಿ ಎಷ್ಟು ಹಾಕ್ಲಿ?"

ಅಷ್ಟಕ್ಕೇ ಅವಳ ಉಸಿರು ಮುಗಿದಿತ್ತು.

ಅವಳು ಅಲ್ಲಿನ ಒಂದು ಸಣ್ಣ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮದುವೆ ಬೇಡವೆಂದು ಹಟ ಹಿಡಿದವಳು. ಯಾರಾದರೂ ಕೇಳಿದರೆ, "ನನಗ ಸಾಲೀನೇ ಸಂಸಾರ. ಅರವತ್ತು ಮಕ್ಕಳವ, ಇನ್ನೆಷ್ಟು ಬೇಕ್ರಿ?" ಎಂದು ನಗಿಸುತ್ತಿದ್ದಳು. ತಗಡಿನ ಮಾಡಿನ ಆ ತರಗತಿಯಿಂದ ಅವಳ ದನಿ ರಸ್ತೆಯ ತನಕ ಕೇಳುತ್ತಿತ್ತು. ಬೇಮಳಖೇಡದ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳು ತಡವಾದರೆ ಗೇಟಿನ ಹೊರಗೇ ನಿಂತು ಪಾಠ ಎಲ್ಲಿಗೆ ಬಂತೆಂದು ತಿಳಿದುಕೊಂಡು ಒಳಗೆ ಬರುತ್ತಿದ್ದರಂತೆ. ಅವಳ ಪಾಠವೆಂದರೆ ಬರೀ ಪ್ರಶ್ನೆ. ಒಂದು ವಾಕ್ಯ ಹೇಳಿ, ಒಂದು ಪ್ರಶ್ನೆ ಕೇಳಿ, ಯಾರಾದರೂ ತಪ್ಪು ಉತ್ತರ ಕೊಡಲಿ ಎಂದು ಕಾಯುವಳು. ತಪ್ಪಿನಿಂದಲೇ ಅವಳ ಪಾಠ ಶುರುವಾಗುತ್ತಿತ್ತು.

ಹೆಡ್ಮಾಸ್ತರರು ಕೆಟ್ಟವರಲ್ಲ. ಮನೆಗೇ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, ಚಹಾದ ಬಸಿಯನ್ನು ತಿರುಗಿಸುತ್ತ ಹೇಳಿದರು. "ಮೇಡಂ, ಮಾತಾಡಲಾರದೆ ಕ್ಲಾಸ್ ಹ್ಯಾಂಗ ತಗೋತೀರಿ? ಜೂನ್‌ದಾಗ ಕಮಿಟಿಯವರು ಕೂಡತಾರ. ಅಲ್ಲೀತನಕ ಏನರ ಒಂದು ಹಾದಿ ತೋರಸ್ರಿ. ನಾ ಏನ್ ನಿಮಗ ದುಶ್ಮನ್ ಅಲ್ರಿ."

ಹಾದಿಯನ್ನು ತೋರಿಸಿದವಳು ತಂಗಿಯೇ. ಅವರ ಶಾಲೆಗೆ ಆಗ ಕೆಲವು ಕಂಪ್ಯೂಟರುಗಳು ಬಂದು, ಹೂವಿನ ಬಟ್ಟೆಯ ಗವುಸು ಹೊದ್ದು ಕುಳಿತಿದ್ದವು. ಬೀದರಿನಲ್ಲಿ ನಡೆದ ಒಂದು ತರಬೇತಿಯಲ್ಲಿ ಅವಳು ಒಂದು ಅಂತರಜಾಲ ತಾಣ ನೋಡಿ ಬಂದಿದ್ದಳು. ಯಾವ ದೇಶದ ಮಾಸ್ತರರಾದರೂ ಅಲ್ಲಿ ಕುಳಿತು ಪಾಠ ಬರೆಯಬಹುದು, ಯಾರು ಬೇಕಾದರೂ ಪುಕ್ಕಟೆ ಓದಬಹುದು, ತಮ್ಮ ಮಕ್ಕಳಿಗೆ ಹೊಂದುವಂತೆ ತಿದ್ದಿಕೊಳ್ಳಬಹುದು. ಅವಳಿಗೆ ಬೇಕಾಗಿದ್ದದ್ದು ಅದರ ಒಂದೇ ಗುಣ. ಪಾಠದ ನಡುವೆ ಪ್ರಶ್ನೆ ಕೂಡಿಸಿದರೆ, ಮಗು ಒತ್ತಿದ ಉತ್ತರ ತಪ್ಪಾದಾಗ ಪರದೆಯೇ ಅದನ್ನು ಹಿಡಿದು ನಿಲ್ಲಿಸಿ, ಯಾಕೆ ತಪ್ಪೆಂದು ನಾವು ಬರೆದಿಟ್ಟ ಮಾತು ತೋರಿಸುತ್ತಿತ್ತು. ಅಂದರೆ ಅವಳ ಗಂಟಲು ಮಾಡಬೇಕಾದ ಕೆಲಸವನ್ನು ಪರದೆ ಮಾಡುವುದು. ಅವಳು ಮಕ್ಕಳ ಬೆನ್ನ ಹಿಂದೆ ನಿಂತು, ಬೆರಳು ತೋರಿಸಿದರೆ ಸಾಕು.

"ಬರಿಯೋದು ನಾ ಬರೀತೀನಿ. ಟೈಪ್ ನೀ ಮಾಡಬೇಕಕ್ಕ," ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದಳು.

ನಾನು ಗುಲಬರ್ಗಾದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರ್ ಒಬ್ಬರು ಟೈಪ್‌ರೈಟರಿನ ಕೀಲಿಗಳ ಮೇಲೆ ಕರ್ಚೀಫು ಹಾಸಿ ಟೈಪಿಂಗ್ ಕಲಿಸಿದ್ದರು. ತೊಂಬತ್ತರ ದಶಕದ ಶುರುವಿಗೆ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದ ಮೇಲೆ ಆ ಬೆರಳುಗಳಿಗೆ ರೊಟ್ಟಿ ತಟ್ಟುವುದು ಬಿಟ್ಟರೆ ಬೇರೆ ತಾಳ ಸಿಕ್ಕಿರಲಿಲ್ಲ. ಯಜಮಾನರ ಪಂಪು-ಮೋಟಾರಿನ ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದು ಮನೆಗೆ ಬಂತು. ಫೋನಿನ ತಂತಿಯನ್ನೇ ಅದಕ್ಕೆ ಸಿಕ್ಕಿಸಿದರೆ, ಕಿರ್ರೋ ಎಂದು ಬಹಳ ಹೊತ್ತು ಅತ್ತು, ಆಮೇಲೆ ಅಂತರಜಾಲ ತೆರೆಯುತ್ತಿತ್ತು. ಆಗ ಮನೆಗೆ ಯಾರ ಫೋನೂ ಬರುವಂತಿರಲಿಲ್ಲ.

"ನಿನ್ನ ಡಬ್ಬಿ ನನ್ನ ಫೋನ್ ನುಂಗೇದ ನೋಡು," ಎನ್ನುತ್ತಿದ್ದರು ನನ್ನ ಅತ್ತೆ, ಯಜಮಾನರ ತಾಯಿ. ಅವರ ಅಕ್ಕ ಮಂಠಾಳದಿಂದ ಮಧ್ಯಾಹ್ನದ ಹೊತ್ತಿಗೇ ಫೋನು ಮಾಡುತ್ತಿದ್ದರು. ಒಂದು ದಿನ ಅತ್ತೆ ಕೇಳಿದರು. "ಫುಕಟ್ ಯಾರಿಗ ಬರದು ಹಾಕಾಕತ್ತೀರಿ ಅಷ್ಟೆಲ್ಲಾ?"

"ಎಲ್ಲಾರಿಗೂ ಅತ್ತಿ. ಯಾರು ಬೇಕಾದ್ರೂ ತಗೋಬಹುದು."

"ಹಂಗಾದ್ರ ದಾಸೋಹ ಅನ್ನು," ಎಂದು ತಲೆದೂಗಿ, "ಆದ್ರೂ ಮೂರು ಗಂಟೇಕ್ಕ ಫೋನ್ ಬಿಡು," ಎಂದರು.

ಪಾಠದ ಹಾಳೆಗಳು ಹುಮನಾಬಾದಿನಿಂದ ಬಸ್ಸಿನಲ್ಲಿ ಬರುತ್ತಿದ್ದವು. ತಂಗಿ ಒಂದು ಸ್ಟೀಲ್ ಡಬ್ಬಿಯ ತಳದಲ್ಲಿ ಹಾಳೆ ಮಡಿಚಿಟ್ಟು, ಮೇಲೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಪೊಟ್ಟಣ ಇಟ್ಟು, ಪರಿಚಯದ ಕಂಡಕ್ಟರರ ಕೈಗೆ ಕೊಡುವಳು. ನಾನು ಕಾಯಿಪಲ್ಲೆ ತರುವ ನೆಪದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುವೆನು. ಕಂಡಕ್ಟರರು ಡಬ್ಬಿ ಅಲುಗಾಡಿಸಿ ಕೇಳುವರು. "ಅಕ್ಕಾರ, ಇವತ್ತು ವಿಜ್ಞಾನ ಅದನೋ, ಬರೇ ಹಿಂಡಿ ಅದನೋ?" ಉಸಿರಾಟದ ಪಾಠದ ತುಂಬ ಬೆಳ್ಳುಳ್ಳಿಯ ವಾಸನೆ ಇತ್ತು. ಹಾಳೆಯ ಮೇಲಿದ್ದದ್ದು ಎಲುಬು ಮಾತ್ರ. ಯಾವ ತಪ್ಪಿಗೆ ಯಾವ ಮಾತು ಹೇಳಬೇಕು ಎಂಬುದೆಲ್ಲ ಅವಳು ರವಿವಾರ ಬಂದಾಗ ನನ್ನ ಪಕ್ಕ ಕುಳಿತು, ಕಿವಿಯಲ್ಲಿ ಒಂದೊಂದೇ ಶಬ್ದ ಹೇಳಿ ಬರೆಸಿದ್ದು. ಅದು ಪರದೆಯ ಮೇಲೆಯೇ ಹುಟ್ಟಿ ಪರದೆಯ ಮೇಲೆಯೇ ಬೆಳೆಯುತ್ತಿತ್ತು.

ಆ ತಾಣದ ಬರೆಯುವ ಚೌಕ ಇಂಗ್ಲಿಷಿಗೆಂದು ಮಾಡಿದ್ದು. ಕನ್ನಡ ಬರೆದರೆ ಒತ್ತಕ್ಷರಗಳು ಕೆಳಗೆ ಕೂಡುವ ಬದಲು ಪಕ್ಕಕ್ಕೆ ಸರಿದು, ಬಸ್ಸಿನಲ್ಲಿ ಸೀಟು ಸಿಗದವರಂತೆ ನಿಲ್ಲುತ್ತಿದ್ದವು. ಶೀರ್ಷಿಕೆಯನ್ನು ದಪ್ಪ ಮಾಡಿದರೆ ಅಕ್ಷರಗಳ ಜಾಗದಲ್ಲಿ ಖಾಲಿ ಡಬ್ಬಿಗಳು. ಇವೆಲ್ಲಕ್ಕಿಂತ ದೊಡ್ಡ ಕಾಟವೆಂದರೆ ಕರೆಂಟು. ಅದು ಹೋದರೆ ಅಲ್ಲಿಯವರೆಗೆ ಬರೆದದ್ದೂ ಹೋಗುತ್ತಿತ್ತು. ರೊಟ್ಟಿಗೆ ನೀರು ಹಚ್ಚುವಂತೆ ಒಂದೊಂದು ವಾಕ್ಯಕ್ಕೂ ‘ಉಳಿಸು’ ಎಂಬುದನ್ನು ಒತ್ತುವುದು ನನಗೆ ರೂಢಿಯಾಯಿತು.

ಒಂದು ದಿನ ರಕ್ತಪರಿಚಲನೆಯ ಪಾಠದ ಅರ್ಧವೇ ಹೋದಾಗ, ನಾನು ಆ ತಾಣ ನಡೆಸುವವರಿಗೆ ಒಂದು ಪತ್ರ ಬರೆದೆ. ಸಿಸ್ಟರ್ ಕಲಿಸಿದಂತೆ ‘ಗೌರವಾನ್ವಿತ ಮಹನೀಯರೇ ಅಥವಾ ಮಹಿಳೆಯರೇ’ ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ‘ತಮ್ಮ ವಿಧೇಯ’ ಎಂದು ಮುಗಿಸಿದೆ. ಉತ್ತರ ಬರುತ್ತದೆಂದು ಅಂದುಕೊಂಡಿರಲಿಲ್ಲ. ಬಂತು. ಬರೆದವರು ಗಂಡಸೋ ಹೆಂಗಸೋ ಹೆಸರಿನಿಂದ ತಿಳಿಯಲಿಲ್ಲ. ನೀವು ಏನು ಒತ್ತಿದಿರಿ, ಆಗ ಏನು ಕಂಡಿತು, ಒಂದೊಂದಾಗಿ ಹೇಳಿ ಎಂದು ಕೇಳಿದ್ದರು. ಕೊನೆಗೆ, ನಿಮ್ಮಲ್ಲಿ ವಿದ್ಯುತ್ತು ಎಷ್ಟು ಸಲ ಹೋಗುತ್ತದೆ ಎಂದು.

ಯಜಮಾನರಿಗೆ ಓದಿ ಹೇಳಿದೆ. ಅವರು ಊಟದ ತಾಟಿನ ಮುಂದೆ ನಕ್ಕುಬಿಟ್ಟರು. "ಎಷ್ಟು ಸಲ ಬರ್ತದ ಅಂತ ಕೇಳಬೇಕಾಗಿತ್ತು ಅವ್ರು. ಅದು ಲೆಕ್ಕ ಇಡಲಾಕ ಸಸಾರ ಅದ."

ಆದರೂ ನನಗೆ ಆ ಪ್ರಶ್ನೆ ಬಹಳ ಹಿಡಿಸಿತು. ನಮ್ಮ ಮನೆಯ ಕರೆಂಟಿನ ಬಗ್ಗೆ ಅಷ್ಟು ದೂರದಿಂದ ಯಾರೋ ಕೇಳಿದ್ದರು. ನಾನು ದೀರ್ಘವಾಗಿ ಉತ್ತರ ಬರೆದೆ. ಒತ್ತಕ್ಷರದ ಬಗ್ಗೆಯೂ ಬರೆದು, ಅಕ್ಷರ ಹೇಗೆ ಕಾಣಬೇಕು, ಹೇಗೆ ಕಾಣುತ್ತಿದೆ ಎಂದು ಬಿಡಿಸಿ, ಚಿತ್ರ ಮಾಡಿ ಕಳಿಸಿದೆ. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದಾಗ, ನಾನು ಉಳಿಸದೇ ಬಿಟ್ಟಿದ್ದ ವಾಕ್ಯ ಅಲ್ಲೇ ಇತ್ತು. ಕೆಳಗೆ ಸಣ್ಣಕ್ಷರದಲ್ಲಿ, ನಿಮ್ಮ ಕರಡು ತಾನಾಗಿ ಉಳಿದಿದೆ ಎಂದು ಬರೆದಿತ್ತು. ಅತ್ತೆಯನ್ನು ಕರೆದು ತೋರಿಸಿದೆ. ಅವರಿಗೆ ಅದರಲ್ಲಿ ನೋಡುವಂಥದ್ದೇನೂ ಕಾಣಲಿಲ್ಲ. ಆ ರವಿವಾರ ತಂಗಿ ಮಾತ್ರ ಪರದೆಯ ಆ ಸಾಲನ್ನು ಬೆರಳಿನಿಂದ ಸವರಿದಳು. ಆಮೇಲೆ ನನ್ನ ಕಿವಿಗೆ ಬಾಗಿ, "ಅಕ್ಕ, ಅಲ್ಲಿ ಕೇಳಾವ್ರು ಅದಾರ," ಎಂದಳು. ಆಪರೇಷನ್ ಆದಮೇಲೆ ಅವಳ ಮುಖದಲ್ಲಿ ನಾನು ನಗು ನೋಡಿದ್ದು ಅದೇ ಮೊದಲು.

ಆ ಚೌಕದ ಬಲ ಮೂಲೆಯಲ್ಲಿ ಒಂದು ಹಸಿರು ಗುಂಡಿ ಇತ್ತು. ‘ಪ್ರಕಟಿಸು’ ಎಂಬುದು ಅದರ ಅರ್ಥ. ಅದನ್ನು ಒತ್ತುವ ತನಕ ಪಾಠ ಆ ತಾಣದಲ್ಲಿ ನಮಗೆಂದೇ ಇದ್ದ ಖೋಲಿಯೊಳಗೆ ಕರಡಾಗಿ ಇರುತ್ತಿತ್ತು, ಒತ್ತಿದರೆ ಲೋಕಕ್ಕೆಲ್ಲ ಕಾಣುತ್ತಿತ್ತು. ಅರ್ಧಂಬರ್ಧ ಪಾಠವನ್ನೂ ಒತ್ತಿಬಿಡಿ, ಬೇರೆಯವರು ತಿದ್ದಲಿ, ಬೆಳೆಸಲಿ ಎಂದೇ ಅಲ್ಲಿ ಬರೆದಿದ್ದರು. ಓದಿ ಹೇಳಿದಾಗ ತಂಗಿ ಸೆರಗಿನಿಂದ ಗಂಟಲಿನ ಗುರುತು ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು.

ಅವಳ ಪರವಾಗಿ ಅತ್ತೆಯೇ ಮಾತಾಡಿದರು. ಅವರು ಆಗ ಕೌದಿ ಹೊಲಿಯುತ್ತಿದ್ದರು. "ಅರ್ಧಾ ಕೌದಿ ಬಿಚ್ಚಿ ಮಂದೀಗ ತೋರಸ್ತಾರೇನವ್ವ?"

ನಮ್ಮ ಮನೆಯಲ್ಲಿ ಅದು ರೂಢಿ. ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಹೊಲಿಯುವಾಗ ಹೊರಗಿನವರು ಬಂದರೆ ಕೌದಿಯನ್ನು ಮಡಿಚಿ ಒಳಗಿಡಬೇಕು. ಕೊನೆಯ ತುಂಡು ಕೂಡಿದ ಮೇಲೆ, ಒಳ್ಳೆಯ ದಿನ ನೋಡಿ, ಹಾಸಿ, ಅದರ ಮೇಲೆ ರೊಟ್ಟಿ-ಬೆಲ್ಲ ಇಟ್ಟು, ಆಮೇಲೆ ಯಾರಾದರೂ ಹೊದೆಯಬೇಕು. ಅರೆಹೊಲಿಗೆ ಕಂಡರೆ ದೃಷ್ಟಿ ತಾಗಿ ದಾರ ಕಡಿಯುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ತಂಗಿ ವಿಜ್ಞಾನ ಓದಿದವಳು, ದೃಷ್ಟಿ ನಂಬುವವಳಲ್ಲ. ಆದರೆ ಮೂವತ್ತು ದಾಟಿದ ವಯಸ್ಸಿನಲ್ಲಿ ದನಿ ಕಳೆದುಕೊಂಡ ಟೀಚರಿಗೆ ತನ್ನ ಅರ್ಧ ಕೆಲಸ ಯಾರಿಗೂ ಕಾಣಬಾರದೆನ್ನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಕಮಿಟಿಯವರಲ್ಲಿ ಒಬ್ಬರ ಮಗ ಕಂಪ್ಯೂಟರ್ ಬಲ್ಲವನು, ಅವನು ನೋಡಿ, ಇಷ್ಟೇನಾ ಎಂದರೆ? ಸ್ಲೇಟಿನ ಮೇಲೆ ಬರೆದಳು: ‘ಬಸವ ಜಯಂತಿ ದಿನ. ಎಲ್ಲಾ ಒಮ್ಮೆಗೇ. ನಾನೇ ಒತ್ತತೀನಿ.’

ನನಗೂ ಅದು ಸರಿ ಎನ್ನಿಸಿತು. ಈಗಲೂ ತಪ್ಪೆನ್ನಿಸುವುದಿಲ್ಲ.

ಚೈತ್ರದ ಹೊತ್ತಿಗೆ ಬೆಳಕಿನ ಪಾಠವೊಂದೇ ಉಳಿದಿತ್ತು. ಕನ್ನಡಿಯ ಮೇಲೆ ಬೀಳುವ ಕಿರಣದ ಚಿತ್ರ ಅವಳಿಗೆ ಎಷ್ಟು ಸಲ ಬರೆದರೂ ಸಮಾಧಾನವಾಗುತ್ತಿರಲಿಲ್ಲ. ಅಷ್ಟರಲ್ಲಿ ನಮ್ಮ ಓಣಿಯ ರಸ್ತೆ ಅಗೆದರು, ಫೋನಿನ ತಂತಿ ಕಡಿಯಿತು. ಅತ್ತೆಗೂ ಫೋನಿಲ್ಲ, ನನಗೂ ಅಂತರಜಾಲವಿಲ್ಲ. ಇಬ್ಬರೂ ಒಂದೇ ದುಃಖದಲ್ಲಿ ಬಾಗಿಲಲ್ಲಿ ಕುಳಿತು ಅಗೆದ ಮಣ್ಣು ನೋಡುತ್ತಿದ್ದೆವು. ತಂತಿ ಕೂಡಿದ್ದು ಬಸವ ಜಯಂತಿಯ ಹಿಂದಿನ ದಿನ. ನಾನು ಒಬ್ಬಳೇ ತೆರೆಯಲಿಲ್ಲ. ನಾಳೆ ಅವಳು ಬರುತ್ತಾಳಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಳು. ತಲೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಬೆಳಕಿನ ಪಾಠದ ಹಾಳೆಯನ್ನು ಈ ಸಲ ಡಬ್ಬಿಯಲ್ಲಿಡದೆ ಕೈಯಲ್ಲೇ ಹಿಡಿದು ಬಂದಿದ್ದಳು. ಊರಿನಲ್ಲೆಲ್ಲ ಮೈಕಿನ ಸದ್ದು. ಅತ್ತೆ ಒಂದು ತಾಟಿನಲ್ಲಿ ರೊಟ್ಟಿ-ಬೆಲ್ಲ ತಂದು ಕಂಪ್ಯೂಟರಿನ ಪಕ್ಕ ಇಟ್ಟರು. "ನಿಮ್ಮ ಕೌದಿಗಿ," ಎಂದರು, ನಗದೇ.

ಕಂಪ್ಯೂಟರ್ ಕಿರ್ರೋ ಎಂದಿತು. ಪುಟ ತೆರೆಯಿತು. ಅದರ ಬಣ್ಣವೇ ಬೇರೆಯಾಗಿತ್ತು. ಮೊದಲಿನ ಬೂದು ಪಟ್ಟಿ ಇಲ್ಲ, ಎಲ್ಲ ಬೆಳ್ಳಗೆ, ಅಗಲವಾಗಿ, ಚೊಕ್ಕಟವಾಗಿ ಇತ್ತು. ನಮ್ಮ ಪಾಠಗಳ ಪಟ್ಟಿ ಇರುತ್ತಿದ್ದ ಜಾಗದಲ್ಲಿ ಒಂದು ವಾಕ್ಯವಿತ್ತು. ನೀವಿನ್ನೂ ಯಾವ ಪಾಠವನ್ನೂ ಬರೆದಿಲ್ಲ, ಮೊದಲನೆಯದನ್ನು ಶುರು ಮಾಡಿ.

ನಾನು ಬೇರೆ ಯಾರದೋ ಮನೆಗೆ ಬಂದೆನೇನೋ ಎಂದು ಹೊರಗೆ ಹೋಗಿ ಮತ್ತೆ ಒಳಗೆ ಬಂದೆ. ಅದೇ ವಾಕ್ಯ. ತಂಗಿ ನನ್ನ ತೋಳು ಹಿಡಿದಿದ್ದಳು. ಅವಳಿಗೆ ಇಂಗ್ಲಿಷು ಅಷ್ಟು ಬರುತ್ತಿರಲಿಲ್ಲ, ಆದರೂ ಓದಿದ್ದಳು.

"ಎಲ್ಲಿ ಹೋದ್ವು?" ಎಂದಳು. ಮೈಕಿನ ಸದ್ದಿನಲ್ಲಿ ನನಗೆ ತುಟಿ ಮಾತ್ರ ಕಂಡಿತು.

ಪತ್ರ ಬರೆದೆ. ಗೌರವಾನ್ವಿತ ಮಹನೀಯರೇ ಎಂದೆಲ್ಲ ಬರೆಯಲು ಕೈ ಬರಲಿಲ್ಲ. ಉತ್ತರ ಮರುದಿನವೇ ಬಂತು, ಅದೇ ವ್ಯಕ್ತಿಯಿಂದ. ಅವರಿಗೆ ನಿಜವಾಗಿ ನೋವಾಗಿತ್ತು, ಅದು ತಿಳಿಯುವಂತಿತ್ತು. ಬರೆಯುವ ಸಾಧನವನ್ನು ಬುಡದಿಂದ ಹೊಸದಾಗಿ ಕಟ್ಟಿದ್ದರಂತೆ. ಪ್ರಕಟವಾದ ಪಾಠಗಳನ್ನೆಲ್ಲ ಹೊಸದಕ್ಕೆ ತಂದರಂತೆ, ಕರಡುಗಳನ್ನು ತರಲಾಗಲಿಲ್ಲವಂತೆ. ಹಳೆಯದನ್ನು ಅಳಿಸಿಯಾಗಿದೆ. ತಾಣದ ಮುಂಬಾಗಿಲಿನಲ್ಲಿ ಬಹಳ ದಿನ ಸೂಚನೆ ಹಾಕಿದ್ದೆವು, ಲೇಖಕರಿಗೆಲ್ಲ ಪತ್ರವನ್ನೂ ಕಳಿಸಿದ್ದೆವು ಎಂದಿದ್ದರು. ನಾನು ಮುಂಬಾಗಿಲಿನಿಂದ ಎಂದೂ ಹೋದವಳಲ್ಲ. ನಮ್ಮ ಖೋಲಿಯ ವಿಳಾಸವನ್ನೇ ಕಂಪ್ಯೂಟರಿನಲ್ಲಿ ಗುರುತು ಮಾಡಿಟ್ಟುಕೊಂಡು ಹಿತ್ತಲಿನಿಂದ ಹೊಕ್ಕಂತೆ ನೇರ ಅಲ್ಲಿಗೇ ಹೋಗುತ್ತಿದ್ದೆ. ಇನ್ನು ಪತ್ರ ಹೋದದ್ದು ಒಂದಾದರೂ ಪಾಠ ಪ್ರಕಟಿಸಿದವರಿಗೆ. ಅವರ ಲೆಕ್ಕದಲ್ಲಿ ನಾವು ಲೇಖಕರೇ ಅಲ್ಲ.

ಕೊನೆಯಲ್ಲಿ ಇನ್ನೊಂದು ಮಾತಿತ್ತು. ನೀವು ಬಿಡಿಸಿ ಕಳಿಸಿದ ಕನ್ನಡದ ಚಿತ್ರಗಳಿಂದಲೇ ಹಳೆಯ ಸಾಧನ ಎಷ್ಟು ಕೆಟ್ಟದಾಗಿದೆಯೆಂದು ನಮಗೆ ಗೊತ್ತಾಯಿತು, ಹೊಸದನ್ನು ಕಟ್ಟಲು ಅದೂ ಒಂದು ಕಾರಣ, ದಯವಿಟ್ಟು ಬಳಸಿ ನೋಡಿ ಹೇಳುವಿರಾ ಎಂದು.

ಅದನ್ನು ತಂಗಿಗೆ ಓದಿ ಹೇಳಬಾರದಿತ್ತೇನೋ. ಆದರೆ ಊರಿಗೆ ಮರಳದೆ ನಮ್ಮಲ್ಲೇ ಉಳಿದಿದ್ದ ಅವಳು ಪಕ್ಕದಲ್ಲೇ ಕುಳಿತಿದ್ದಳು. ಕೇಳಿ, ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು, ಒಂದು ಬೆರಳಿನಿಂದ ಹುಡುಕಿ ಹುಡುಕಿ ‘ರಕ್ತ’ ಎಂದು ಒತ್ತಿದಳು. ಒತ್ತಕ್ಷರ ಕೆಳಗೆ, ಎಲ್ಲಿ ಕೂಡಬೇಕೋ ಅಲ್ಲೇ ಕೂತಿತು. ದಪ್ಪ ಮಾಡಿದಳು. ಒಡೆಯಲಿಲ್ಲ.

"ಛಂದ ಕಾಣತದ," ಎಂದಳು. ಎದ್ದು ಹೋಗಿ ಹಿತ್ತಲಿನಲ್ಲಿ ಮುಖ ತೊಳೆದುಕೊಂಡಳು.

ಹಾಳೆಗಳಿದ್ದವು, ಎಲುಬಿನಂಥವು. ಮೇ ತಿಂಗಳೆಲ್ಲ ಕುಳಿತು ಎರಡು ಪಾಠ ಮತ್ತೆ ಕಟ್ಟಿದೆವು. ಮೊದಲ ಸಲ ಅವಳ ಕಿವಿಮಾತು ಸೆಲೆಯಂತೆ ಬರುತ್ತಿತ್ತು, ಈಗ ಇಬ್ಬರೂ ನೆನಪಿನಿಂದ ಹೆಕ್ಕುತ್ತಿದ್ದೆವು. "ಇಲ್ಲಿ ಏನು ಹೇಳಿದ್ನಕ್ಕ?" ಎಂದು ಕೇಳುವಳು. ನನಗೆ ನೆನಪಾದದ್ದು ಅವಳಿಗೆ ಸರಿಯೆನ್ನಿಸದು. ಬಿಸಿಲಿಗೆ ಅವಳ ಗಂಟಲು ಒಣಗಿ, ಮಧ್ಯಾಹ್ನದ ಮೇಲೆ ಉಸಿರೂ ಹೊರಡುತ್ತಿರಲಿಲ್ಲ. ಆ ಎರಡನ್ನೂ ಮುಗಿಯುವ ಮುಂಚೆಯೇ ಪ್ರಕಟಿಸಿದೆವು.

ಜೂನಿನಲ್ಲಿ ಕಮಿಟಿ ಕೂಡಿತು. ಅವಳ ಪರವಾಗಿ ಮಾತಾಡಲು ನಾನೂ ಹುಮನಾಬಾದಿಗೆ ಹೋಗಿದ್ದೆ. ಗವುಸು ತೆಗೆದ ಕಂಪ್ಯೂಟರಿನ ಮುಂದೆ ನಾಲ್ಕಾರು ಜನ ನಿಂತು ನೋಡಿದರು. ಒಬ್ಬ ಹಿರಿಯರು ಬೇಕೆಂದೇ ತಪ್ಪು ಉತ್ತರ ಒತ್ತಿ, ಪರದೆ ಹೇಳಿದ್ದನ್ನು ಗಟ್ಟಿಯಾಗಿ ಓದಿ, "ಅರೆ, ಬರೋಬ್ಬರಿ ಮೇಡಂ ಬೈದಂಗೇ ಅದ ಅಲ್ರೀ ಇದು!" ಎಂದು ನಕ್ಕರು. ಕ್ಷಣ ಹೊತ್ತು ತಂಗಿಯ ಮುಖ ಅರಳಿತು.

"ಛಲೋ ಅದರಿ. ಖರೇನೇ ಛಲೋ ಅದ," ಎಂದರು ಹೆಡ್ಮಾಸ್ತರರು. "ಆದ್ರ ಎರಡೇ ಅವ. ವರ್ಷಾಪೂರ್ತಿ?"

ತಂಗಿ ಏನೋ ಹೇಳಿದಳು. ಮೇಜಿನ ಆ ಕಡೆಗೆ ಮುಟ್ಟಲಿಲ್ಲ.

"ಏನಂದ್ರಿ?"

ಮತ್ತೆ ಹೇಳಿದಳು. ಅವರು ನನ್ನನ್ನು ನೋಡಿದರು. "ಉಳಿದದ್ದೂ ಇತ್ತಂತ್ರಿ," ಎಂದೆ. "ಹೋಯ್ತಂತ." ಹೇಳುವಾಗಲೇ ಅದು, ಮನೆಪಾಠ ಮಾಡದ ಮಕ್ಕಳು ಹೇಳುವ ಮಾತಿನಂತೆ ನನಗೇ ಕೇಳಿಸಿತು. ಅವರು ಪಾಪ, ನಂಬಿದರು. ನಂಬಿಕೆಯಿಂದ ತರಗತಿ ನಡೆಯುವುದಿಲ್ಲವಲ್ಲ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆಫೀಸಿನಲ್ಲಿ ಒಂದು ಮೇಜು ಕೊಟ್ಟರು. ವರ್ಗಾವಣೆ ಪತ್ರ ಬರೆಯುವುದು, ಹಾಜರಿ ತುಂಬುವುದು. ವಿಜ್ಞಾನಕ್ಕೆ ಹೊಸ ಹುಡುಗಿಯೊಬ್ಬಳು ಬಂದಳು, ಮುಡಬಿಯ ಕಡೆಯವಳು, ಒಳ್ಳೆಯ ಗಟ್ಟಿ ದನಿಯವಳು. ಕಂಪ್ಯೂಟರುಗಳ ಗವುಸನ್ನು ಮತ್ತೆ ಹೊದಿಸಿದರು. ಪ್ರಕಟವಾದ ಆ ಎರಡು ಪಾಠಗಳನ್ನು ಯಾರಾದರೂ ತೆರೆದರೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆಯುವ ಸಾಧನವನ್ನು ಇನ್ನಷ್ಟು ಸುಧಾರಿಸಿದ್ದೇವೆ ಎಂದು ಆ ತಾಣದಿಂದ ಆಮೇಲೂ ಆಗಾಗ ಪತ್ರಗಳು ಬರುತ್ತಿದ್ದವು. ಈಗ ನಾವು ಲೇಖಕರಾಗಿದ್ದೆವು.

ದೀಪಾವಳಿಯ ಮುಂಚೆ ಒಂದು ದಿನ ಹುಮನಾಬಾದಿಗೆ ಹೋದವಳು ಅವಳ ಊಟದ ಡಬ್ಬಿ ಹಿಡಿದು ಶಾಲೆಗೇ ಹೋದೆ. ಆಫೀಸಿನ ಗೋಡೆಯ ಆಚೆ ಒಂಬತ್ತನೆಯ ತರಗತಿ. ಹೊಸ ಟೀಚರಿನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಬೆಳಕಿನ ಪಾಠ. ಕಿರಣ ಕನ್ನಡಿಗೆ ಬಿದ್ದು ಹಿಂದಿರುಗುವುದನ್ನು ಅವಳು ತಡವರಿಸದೆ, ತಪ್ಪಿಲ್ಲದೆ ಹೇಳುತ್ತ ಹೋದಳು. ಮಕ್ಕಳು ಗಪ್ಪಾಗಿ ಬರೆದುಕೊಳ್ಳುತ್ತಿದ್ದರು.

ತಂಗಿ ಪೆನ್ನು ಕೆಳಗಿಟ್ಟಿದ್ದಳು. ನನ್ನ ಸೆರಗು ಹಿಡಿದೆಳೆದು, ಕಿವಿಯ ಹತ್ತಿರ ಬಂದಳು.

"ಇಲ್ಲಿ ಪ್ರಶ್ನೆ ಕೇಳಬೇಕಾಗಿತ್ತಕ್ಕ," ಎಂದಳು. "ಇಲ್ಲೇ ಮಕ್ಕಳು ತಪ್ಪತಾರ."

ಗೋಡೆಯ ಆಚೆ ಟೀಚರ್ ಮುಂದಿನ ವಾಕ್ಯಕ್ಕೆ ಹೋಗಿದ್ದಳು.